ಹ್ಯಾರಿಸ್ ಬಿಟ್ಟುಹೋದ ಜಾಗ

ಮುಖ್ಯ ಗಾಯಕ ಆರ್. ಎಚ್. ಹ್ಯಾರಿಸ್ 1950ರಲ್ಲಿ ಸೋಲ್ ಸ್ಟಿರರ್ಸ್ ತಂಡ ಬಿಟ್ಟದ್ದು ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಸಣ್ಣ ಸುದ್ದಿಯೇನಲ್ಲ. ಗಾಸ್ಪೆಲ್ ಕ್ವಾರ್ಟೆಟ್, ಅಂದರೆ ಕ್ರೈಸ್ತ ಭಕ್ತಿಗೀತೆ ಹಾಡುವ ಸಣ್ಣ ತಂಡ, ಎಂದರೆ ಹ್ಯಾರಿಸ್ ಎನ್ನುತ್ತಿದ್ದ ಕಾಲ ಅದು. ಊರೂರು ತಿರುಗುವ ಬದುಕಿನಲ್ಲಿ ನಡತೆ ಸಡಿಲವಾಗುತ್ತಿದೆ ಎಂದು ಬೇಸತ್ತು ಆತ ಹೊರಟುಬಿಟ್ಟ. ಅವನ ಜಾಗಕ್ಕೆ ಬಂದವನು ಇಪ್ಪತ್ತರ ಆಸುಪಾಸಿನ ಹುಡುಗ, ಸ್ಯಾಮ್ ಕುಕ್.

ಹುಡುಗ ಹೊಸಬ, ಹಾಡು ಹೊಸದಲ್ಲ. 1931ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್‌ನಲ್ಲಿ ಹುಟ್ಟಿದ ಸ್ಯಾಮ್ ಎರಡು ವರ್ಷದವನಿದ್ದಾಗ ಮನೆಯವರೆಲ್ಲ ಷಿಕಾಗೊಗೆ ಬಂದರು. ತಂದೆ ಚಾರ್ಲ್ಸ್ ಕುಕ್ ಸಭಾಪಾಲಕರು. ಮಕ್ಕಳನ್ನೇ ಒಂದು ತಂಡ ಮಾಡಿ, 'ಸಿಂಗಿಂಗ್ ಚಿಲ್ಡ್ರನ್' ಎಂದು ಹೆಸರಿಟ್ಟು, ಬೋಧನೆಗೆ ಮುಂಚೆ ಹಾಡಿಸುತ್ತಿದ್ದರು. ಐಸ್‌ಕ್ಯಾಂಡಿಯ ಕಡ್ಡಿಗಳನ್ನು ನೆಲಕ್ಕೆ ಸಾಲಾಗಿ ಚುಚ್ಚಿ, ಅವೇ ಸಭಿಕರೆಂದು ಸ್ಯಾಮ್ ಹಾಡುತ್ತಿದ್ದನೆಂದು ತಮ್ಮ ಎಲ್. ಸಿ. ಹೇಳುತ್ತಿದ್ದ. ಪ್ರಸಿದ್ಧರ ಬಾಲ್ಯದ ಕಥೆಗಳನ್ನು ನಾನು ಅಷ್ಟಾಗಿ ನಂಬುವವನಲ್ಲ. ಇದನ್ನು ಮಾತ್ರ ನಂಬಬೇಕೆನಿಸುತ್ತದೆ.

ಹದಿಹರೆಯದಲ್ಲಿ ಅವನು ಸೇರಿದ್ದು 'ಹೈವೇ ಕ್ಯೂಸೀಸ್' ಎಂಬ ಹುಡುಗರ ಕ್ವಾರ್ಟೆಟ್. ಅವರನ್ನು ತಿದ್ದಲು ಬರುತ್ತಿದ್ದವನು ಸೋಲ್ ಸ್ಟಿರರ್ಸ್‌ನ ಬ್ಯಾರಿಟೋನ್ ಆರ್. ಬಿ. ರಾಬಿನ್ಸನ್. ಕ್ವಾರ್ಟೆಟ್ ಶಿಕ್ಷಣದಲ್ಲಿ ಮುಖ್ಯ ಗಾಯಕನಿಗಿಂತ ಹಿಂದೆ ನಿಲ್ಲುವವರದೇ ಹೆಚ್ಚಿನ ಪಾಡು. ಮಂದ್ರದ ಬಾಸ್, ನಡುವಿನ ಬ್ಯಾರಿಟೋನ್, ಮೇಲಿನ ಟೆನರ್ ಒಂದೇ ಉಸಿರಿನಂತೆ ಸೇರಬೇಕು. ವಾದ್ಯಗಳ ಆಸರೆ ಬಹುಮಟ್ಟಿಗೆ ಇಲ್ಲ. ಅವರು ಒಂದೇ ನುಡಿಯನ್ನು ಮತ್ತೆ ಮತ್ತೆ ಹಿಡಿದಿಟ್ಟರೆ, ಮುಂದಿನವನು ಅದರ ಮೇಲೆ ಮನಬಂದಂತೆ ವಿಹರಿಸಬಹುದು. ಹ್ಯಾರಿಸ್ ಬೆಳೆಸಿದ ಕ್ರಮದಲ್ಲಿ ಮುಖ್ಯ ಗಾಯಕರೇ ಇಬ್ಬರು: ಒಬ್ಬ ಹಾಡನ್ನು ಏರಿಸಿ ಇನ್ನೊಬ್ಬನಿಗೆ ಬಿಟ್ಟುಕೊಡುತ್ತಾನೆ. ರಾಬಿನ್ಸನ್ ತನ್ನ ತಂಡದ ಈ ವಿದ್ಯೆಯನ್ನೇ ಹುಡುಗರಿಗೆ ಇಳಿಸಿದ. ಹಾಗಾಗಿ ಹ್ಯಾರಿಸ್‌ನ ಜಾಗ ಖಾಲಿಯಾದಾಗ ತಂಡ ದೂರ ಹುಡುಕಬೇಕಾಗಲಿಲ್ಲ.

ಆದರೆ ಕಲಿತದ್ದೇ ತೊಡಕಾಯಿತು. ಸ್ಯಾಮ್ ಥೇಟ್ ಹ್ಯಾರಿಸ್‌ನಂತೆ ಹಾಡಲು ಹೋದ. ಗಾಸ್ಪೆಲ್ ಕಾರ್ಯಕ್ರಮವೆಂದರೆ ನಮ್ಮ ಯಕ್ಷಗಾನದ ಜೋಡಾಟದ ಹಾಗೆ. ಒಂದೇ ರಾತ್ರಿ ಹಲವು ತಂಡಗಳು, ಯಾರು ಸಭೆಯನ್ನು ಎಬ್ಬಿಸಿ ಕುಣಿಸುತ್ತಾರೋ ಅವರದೇ ಮಾತು. ಅಲ್ಲಿ ಗಂಟಲು ಹರಿಯುವಂತೆ ಕೂಗುವ ಗಟ್ಟಿಗರ ಎದುರು ಈ ನಯದ ದನಿ ಮಂಕಾಗುತ್ತಿತ್ತು. ಜೊತೆಗೆ ನಿಂತು ಗುಡುಗುವ ಕೆಲಸವನ್ನು ಎರಡನೇ ಗಾಯಕ ಪಾಲ್ ಫಾಸ್ಟರ್ ವಹಿಸಿಕೊಂಡ. ತಂಡದ ಹಿರಿಯ ಎಸ್. ಆರ್. ಕ್ರೇನ್ ಹೇಳುತ್ತಿದ್ದ ಪ್ರಕಾರ, ಒಮ್ಮೆ ಹ್ಯಾರಿಸ್‌ನ ತಾರಸ್ವರ ಕೈಗೆ ಎಟುಕದೆ ಹೋದಾಗ ಸ್ಯಾಮ್ ಅದರ ಕೆಳಗಿಂದಲೇ ದನಿಯನ್ನು ತೇಲಿಸಿ ಬಳುಕಿಸಿ ಪಾರಾದ. ಆ ಬಳುಕೇ ಮುಂದೆ ಅವನ ಗುರುತಾಯಿತು. ಪ್ರತಿಭೆಗಿಂತ ಸಿಕ್ಕಿಬಿದ್ದ ಇಕ್ಕಟ್ಟೇ ಅವನ ದನಿಯನ್ನು ಕಡೆದದ್ದು ಎಂದು ನನಗನ್ನಿಸುವುದು ಇದರಿಂದ.

1951ರ ಮಾರ್ಚ್ 1ರಂದು ಲಾಸ್ ಏಂಜಲೀಸ್‌ನಲ್ಲಿ ಮೊದಲ ಧ್ವನಿಮುದ್ರಣ. ಸ್ಪೆಷಾಲ್ಟಿ ರೆಕಾರ್ಡ್ ಕಂಪನಿಯ ಒಡೆಯ ಆರ್ಟ್ ರೂಪ್‌ಗೆ ಹ್ಯಾರಿಸ್ ಬದಲು ಈ ಎಳೆಯನನ್ನು ಕಂಡು ಅನುಮಾನ. ಅಂದು ಹಾಡಿದ 'ಜೀಸಸ್ ಗೇವ್ ಮಿ ವಾಟರ್' ಗೆದ್ದು ಬಾಯಿ ಮುಚ್ಚಿಸಿತು. ಚರ್ಚುಗಳಿಗೆ ತರುಣಿಯರು ಮುಂದಿನ ಸಾಲು ಹಿಡಿಯಲು ಬರತೊಡಗಿದರು. ಹ್ಯಾರಿಸ್ ಯಾವುದಕ್ಕೆ ಹೆದರಿದ್ದನೋ ಅದೇ! ಸ್ಯಾಮ್ ತಾನೂ ಹಾಡು ಕಟ್ಟುತ್ತಿದ್ದ. 1956ರ 'ಟಚ್ ದ ಹೆಮ್ ಆಫ್ ಹಿಸ್ ಗಾರ್ಮೆಂಟ್' ಹಾಡಿನಲ್ಲಿರುವುದು ಯೇಸುವಿನ ಉಡುಪಿನ ಅಂಚು ಮುಟ್ಟಿದ ರಕ್ತಕುಸುಮ ರೋಗದ ಹೆಂಗಸಿನ ಕಥೆ. ಬೋಧಕರ ಮಗ ಬೋಧನೆ ಮಾಡುವುದಿಲ್ಲ, ಕಥೆ ಹೇಳುತ್ತಾನೆ. ಅಷ್ಟರಲ್ಲೇ ಆ ಹೆಂಗಸು ಕಣ್ಣೆದುರು ನಿಲ್ಲುತ್ತಾಳೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಭಾಗ. ದೇವರ ಮೇಲಿನ 'ವಂಡರ್‌ಫುಲ್' ಹಾಡನ್ನೇ ಹುಡುಗಿಯ ಮೇಲಕ್ಕೆ ತಿರುಗಿಸಿ, 'ಡೇಲ್ ಕುಕ್' ಎಂಬ ಸುಳ್ಳು ಹೆಸರಿನಲ್ಲಿ 'ಲವಬಲ್' ತಂದ. ಆ ದನಿಯನ್ನು ಹೆಸರಿನಿಂದ ಮರೆಮಾಚಲಾಗುತ್ತದೆಯೇ? 1957ರಲ್ಲಿ 'ಯೂ ಸೆಂಡ್ ಮಿ' ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಚರ್ಚಿನ ಜನ ಮುನಿದರು, ತಂದೆ ಅಡ್ಡಬರಲಿಲ್ಲ. ಕ್ರೇನ್ ಕೂಡ ತಂಡ ಬಿಟ್ಟು ಅವನ ಜೊತೆ ಹೊರಟ.

ಇತ್ತ ಸೋಲ್ ಸ್ಟಿರರ್ಸ್‌ಗೆ ಮತ್ತೆ ಅದೇ ಖಾಲಿ ಜಾಗ. ಈ ಸಲವೂ ಹೈವೇ ಕ್ಯೂಸೀಸ್‌ನಲ್ಲಿ ಹಾಡಿದ್ದ ಹುಡುಗನನ್ನೇ ಕರೆತಂದರು: ಜಾನಿ ಟೇಲರ್. ಹಾಡಿದರೆ ಥೇಟ್ ಸ್ಯಾಮ್. ಸ್ಯಾಮ್ ಗೆಳೆಯರೊಡನೆ 'ಸಾರ್' ರೆಕಾರ್ಡ್ಸ್ ಕಟ್ಟಿದಾಗ ಮೊದಲು ಹಾಡಿಸಿದ್ದು ತನ್ನ ಹಳೆಯ ತಂಡವನ್ನೇ, ಟೇಲರ್‌ನನ್ನು ಮುಂದೆ ನಿಲ್ಲಿಸಿ. ಕೆಲವು ವರ್ಷಗಳಲ್ಲಿ ಟೇಲರ್ ಸಹ ಗಾಸ್ಪೆಲ್ ಬಿಟ್ಟ. ಆದರೆ ಸ್ಯಾಮ್‌ನ ನೆರಳಿನಿಂದ ಹೊರಬಂದು, ಒರಟು ಬ್ಲೂಸ್ ದನಿಯಲ್ಲಿ ಗೆಲ್ಲುವ ಹೊತ್ತಿಗೆ 1968 ಬಂದಿತ್ತು.