ಬಸಿರಿಗೆ ಮುಂಚಿನ ಆರೈಕೆ

ಗರ್ಭಿಣಿಯರ ಆರೈಕೆಯ ವಿಷಯವನ್ನು ನಮ್ಮ ಶ್ರೋತೃಗಳು ಅನೇಕ ಸಲ ಕೇಳಿರಬಹುದು. ಈ ದಿನ ನಾವು ಹೇಳಹೊರಟಿರುವುದು ಅದಕ್ಕೂ ಹಿಂದಿನ ಮಾತು. ಗರ್ಭವು ನಿಲ್ಲುವುದಕ್ಕೆ ಮುಂಚೆಯೇ ಸ್ತ್ರೀಯ ದೇಹಕ್ಕೆ ಒದಗಬೇಕಾದ ಪೋಷಣೆಯ ಮಾತು.

ಶಿಶುವಿನ ಮಿದುಳೂ ಬೆನ್ನುಹುರಿಯೂ ಮೊದಲು ಒಂದು ಸಣ್ಣ ನಾಳದ ರೂಪದಲ್ಲಿರುತ್ತವೆ. ಗರ್ಭಾಂಕುರವಾದ ಸುಮಾರು 28 ದಿನಗಳೊಳಗಾಗಿ ಈ ನಾಳವು ಮುಚ್ಚಿಕೊಳ್ಳಬೇಕು. ಮೇಲ್ತುದಿ ತೆರೆದೇ ಉಳಿದರೆ ಶಿಶುವು ಬದುಕಲಾರದು. ಕೆಳಭಾಗವು ತೆರೆದುಳಿದರೆ ಕಾಲುಗಳ ಸ್ವಾಧೀನ ತಪ್ಪುವುದುಂಟು. ಮುಟ್ಟು ನಿಂತು, ಇನ್ನೂ ನಾಲ್ಕು ದಿನ ನೋಡೋಣವೆಂದು ಮನೆಯವರು ಸುಮ್ಮನಿದ್ದು, ಆಮೇಲೆ ವೈದ್ಯರಲ್ಲಿಗೆ ಹೋಗುವಷ್ಟರಲ್ಲಿ ಆ ಗಡುವು ಕಳೆದೇ ಹೋಗಿರುತ್ತದೆ.

ಈ ನಾಳವು ಸರಿಯಾಗಿ ಕೂಡಿಕೊಳ್ಳಲು ಬೇಕಾದ ವಸ್ತುಗಳಲ್ಲಿ ಮುಖ್ಯವಾದುದು ಫೋಲಿಕ್ ಆಮ್ಲ. ಅದರ ಶೋಧದ ಕಥೆ ಮೊದಲಾದುದು ನಮ್ಮ ದೇಶದಲ್ಲಿಯೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರೀಕ್ಷಿಸತೊಡಗಿದರು. ಈಕೆ ರೋಗವನ್ನಷ್ಟೇ ನೋಡಲಿಲ್ಲ. ಯಾವ ಪಂಗಡದವರು ಏನನ್ನು ಉಣ್ಣುತ್ತಾರೆಂಬುದನ್ನೂ ವಿಚಾರಿಸಿದರು. ಹುದುಗಿನ ಸಾರದಿಂದ ಆ ರೋಗವು ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಡಗಿದ್ದ ವಸ್ತುವನ್ನು 1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ನು ಪಾಲಕ್ ಸೊಪ್ಪಿನಿಂದ ತೆಗೆದು, ಎಲೆಯೆಂಬರ್ಥದ ಲ್ಯಾಟಿನ್ ಮಾತಿನಿಂದ ಹೆಸರಿಟ್ಟರು. ಅಂತಹ ದೋಷವುಳ್ಳ ಗರ್ಭವನ್ನು ಹಿಂದೆ ಧರಿಸಿದ್ದ ತಾಯಂದಿರು ಬಸಿರಿಗೆ ಮುಂಚಿನಿಂದಲೇ ಇದನ್ನು ಸೇವಿಸಿದರೆ, ದೋಷವು ಮರುಕಳಿಸುವ ಸಂಭವವು ನೂರಕ್ಕೆ 72ರಷ್ಟು ತಗ್ಗುವುದೆಂದು ಏಳು ದೇಶಗಳಲ್ಲಿ ನಡೆದ ಪರೀಕ್ಷೆಯಿಂದ 1991ರಲ್ಲಿ ತಿಳಿದುಬಂತು.

ಹಾಗಾದರೆ ಎಲ್ಲರ ಹಿಟ್ಟಿಗೂ ಬೆರೆಸಿಬಿಟ್ಟರಾಯಿತಲ್ಲವೆ? ಅಮೆರಿಕವು 1998ರಿಂದ ಹಾಗೆಯೇ ಮಾಡಿತು. ಆದರೆ ಬೆರೆಸಿದ್ದು ಗೋಧಿ ಮೊದಲಾದ ಹಿಟ್ಟುಗಳಿಗೆ. ಮೆಕ್ಸಿಕೊ ಮೂಲದ ಮನೆಗಳಲ್ಲಿ ನಿತ್ಯವೂ ರೊಟ್ಟಿ ತಟ್ಟುವ ಮೆಕ್ಕೆಜೋಳದ ಹಿಟ್ಟು ಹೊರಗುಳಿಯಿತು. ಈ ದೋಷವು ಹೆಚ್ಚಾಗಿ ಕಾಣುತ್ತಿದ್ದುದಾದರೋ ಆ ಸಮುದಾಯದಲ್ಲಿಯೇ! ಅದಕ್ಕೂ ಬೆರೆಸಲು ಅನುಮತಿ ದೊರೆತದ್ದು 2016ರಲ್ಲಿ. ಬಹುಜನರ ಊಟವನ್ನೇ ಸರ್ವರ ಊಟವೆಂದು ಬಗೆದುದರ ಫಲವಿದು.

ಈ ಮಾತು ನಮಗೂ ಸಲ್ಲುತ್ತದೆ. ರಾಗಿ, ಜೋಳಗಳನ್ನು ಬೀದಿಯ ಗಿರಣಿಯಲ್ಲಿ ಬೀಸಿಸುವ ಮನೆಗೆ ಕಾರ್ಖಾನೆಯ ಹಿಟ್ಟಿನಿಂದೇನು? ಸೊಪ್ಪು ಕಾಳುಗಳಲ್ಲಿ ಈ ಸತ್ತ್ವವುಂಟು. ಆದರೆ ಅದು ನೀರಿನಲ್ಲಿ ಕರಗುವಂಥದು, ಬಹಳ ಹೊತ್ತು ಬೇಯಿಸಿದರೆ ಕೆಡುವಂಥದು. ಬಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಹೆಂಗಸರ ಜಾಣತನವನ್ನು ಇಲ್ಲಿ ಮೆಚ್ಚಲೇಬೇಕು. ಆದರೂ ಊಟವೊಂದನ್ನೇ ನೆಚ್ಚುವಂತಿಲ್ಲ. ಬಸಿರನ್ನು ಬಯಸುವ ಸ್ತ್ರೀಯು ಕಡೆಯ ಪಕ್ಷ ಒಂದು ತಿಂಗಳ ಮುಂಚಿನಿಂದ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಸೇವಿಸಬೇಕೆಂಬುದು ವೈದ್ಯರ ಮತ.

ಗುಳಿಗೆಯ ಬೆಲೆ ಅಲ್ಪ, ಕಷ್ಟವಿರುವುದು ಬೇರೆಡೆ. ಹೊಸದಾಗಿ ಮನೆ ತುಂಬಿದ ಸೊಸೆಯು ಗುಳಿಗೆ ನುಂಗಿದರೆ ರೋಗವೇನೋ ಎಂದು ಅತ್ತೆ ಶಂಕಿಸುತ್ತಾಳೆ. ಬಯಕೆಯನ್ನು ಬಾಯಿಬಿಟ್ಟು ಹೇಳಲು ಸೊಸೆ ನಾಚುತ್ತಾಳೆ. ಆದುದರಿಂದ ತಿಳಿವಳಿಕೆಯು ಅತ್ತೆಗೂ ಗಂಡನಿಗೂ, ಆಯಾ ಮನೆಯ ನುಡಿಯಲ್ಲಿಯೇ, ಮುಟ್ಟಬೇಕು. ಹಿಂದೆ ಇಂತಹ ಶಿಶುವನ್ನು ಹೆತ್ತವರಿಗೂ, ಮಧುಮೇಹವುಳ್ಳವರಿಗೂ, ಮೂರ್ಛೆರೋಗಕ್ಕೆ ಔಷಧ ಸೇವಿಸುವವರಿಗೂ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ವೈದ್ಯರೇ ಗೊತ್ತುಮಾಡಬೇಕು. ಮೂರ್ಛೆರೋಗದ ಔಷಧವನ್ನು ಮಾತ್ರ ಯಾರೂ ತಾವಾಗಿ ನಿಲ್ಲಿಸಕೂಡದು.