ದೊಡ್ಡ ಮೈಯ ಎಳೆಯ ಜೀವ

ಸಾಕಿದ ಪ್ರಾಣಿಯನ್ನು ಮನೆಮಂದಿಯಲ್ಲಿ ಒಬ್ಬನಂತೆ ಕಾಣುವುದು ನಮ್ಮ ಒಕ್ಕಲುತನದ ಮನೆಗಳಿಗೆ ಹೊಸತಲ್ಲ. ಹಳ್ಳಿಯಲ್ಲಿ ನಾಯಿಗೆಂದು ಪ್ರತ್ಯೇಕ ವ್ಯವಸ್ಥೆಯೇನೂ ಬೇಕಿರಲಿಲ್ಲ. ಹೊಲಕ್ಕೆ ಹೊರಟರೆ ಬಂಡಿಯ ನೆರಳಿನಲ್ಲಿ ಅದೂ ಬರುತ್ತಿತ್ತು. ಕಣದಲ್ಲಿ ರಾಶಿ ಕಾಯುತ್ತಿತ್ತು. ರಾತ್ರಿ ಕಟ್ಟೆಯ ಮೇಲೆ ಮಲಗುತ್ತಿತ್ತು. ಹಗಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಇಂದಿನ ನಗರಗಳ ಸ್ಥಿತಿ ಬೇರೆ. ಗಂಡ ಹೆಂಡತಿ ಇಬ್ಬರೂ ಕಾಯಕಕ್ಕೆ ತೆರಳುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಬೀಗ ಹಾಕಿದ ಮನೆಯೊಳಗೆ ಒಂದು ಜೀವ ಎಂಟೊಂಬತ್ತು ಗಂಟೆಗಳ ಕಾಲ ಬಾಗಿಲನ್ನೇ ನೋಡುತ್ತ ಕುಳಿತಿರುತ್ತದೆ. ಈ ಕೊರತೆಯನ್ನು ನೀಗಲೆಂದು ಬೆಂಗಳೂರಿನಂತಹ ನಗರಗಳಲ್ಲಿ ಕೆಲವರು ತಮ್ಮ ಮನೆಯಲ್ಲಿಯೇ ನಾಲ್ಕಾರು ನಾಯಿಗಳನ್ನು ಹಗಲುಹೊತ್ತು ನೋಡಿಕೊಳ್ಳುವ ವೃತ್ತಿಯನ್ನು ಕೈಗೊಂಡಿದ್ದಾರೆ. ಜನ ಇದನ್ನು ‘ಡೇ ಕೇರ್’ ಎಂದು ಕರೆಯುತ್ತಾರೆ.

ನನ್ನ ಮಗನ ಮನೆಯಲ್ಲಿ ಮುಧೋಳ ತಳಿಯ ಗಂಡುನಾಯಿಯೊಂದಿದೆ. ಮೊಮ್ಮಗಳು ಅದಕ್ಕೆ ‘ಮಿಂಚು’ ಎಂದು ಹೆಸರಿಟ್ಟಿದ್ದಾಳೆ. ಹತ್ತು ತಿಂಗಳು ತುಂಬುವ ವೇಳೆಗೆ ಅದರ ಹೆಗಲೆತ್ತರ ಎರಡು ಅಡಿಯನ್ನು ದಾಟಿತ್ತು. ಹಿಂಗಾಲುಗಳ ಮೇಲೆ ನಿಂತರೆ ಮುಂಗಾಲುಗಳು ನನ್ನ ಭುಜಕ್ಕೆ ಬರುತ್ತಿದ್ದವು. ಆದರೆ ಗುಡುಗು ಕೇಳಿದರೆ ಅದು ಮಂಚದ ಕೆಳಗೆ ಅಡಗುತ್ತಿತ್ತು. ಮೈ ದೊಡ್ಡದು, ಮನಸ್ಸು ಎಳೆಯದು. ಇವೆರಡರ ನಡುವಣ ಅಂತರವನ್ನು ಗಮನಿಸದೆ ಹೋದುದರಿಂದ ಒದಗಿದ ಅನಾಹುತವನ್ನೂ ಅದನ್ನು ತಿದ್ದಿಕೊಂಡ ಬಗೆಯನ್ನೂ ಓದುಗರಲ್ಲಿ ನಿವೇದಿಸಿಕೊಳ್ಳುವುದು ಈ ಲೇಖನದ ಉದ್ದೇಶ.

ಓಟಕ್ಕೆಂದೇ ಬೆಳೆಸಿದ ತಳಿ

ಬಾಗಲಕೋಟೆ ಜಿಲ್ಲೆಯ ಮುಧೋಳ ಕವಿ ರನ್ನನ ಹುಟ್ಟೂರೆಂದು ಕನ್ನಡಿಗರಿಗೆಲ್ಲ ಪರಿಚಿತ. ಅದೇ ಊರಿನ ಹೆಸರನ್ನು ಹೊತ್ತ ಈ ಬೇಟೆನಾಯಿಯನ್ನು ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಭಾರತೀಯ ಸೇನೆ ಈ ತಳಿಯ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ತರಬೇತಿಗಾಗಿ ಒಯ್ದಿತು.

ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿಯಿದು. ಬಯಲಿನಲ್ಲಿ ಮೊಲ ಎದ್ದೋಡಿದರೆ ಬೆನ್ನಟ್ಟುವುದು ಅದರ ರಕ್ತಗುಣ. ಎದುರಿನಲ್ಲಿ ಚಿಕ್ಕ ಪ್ರಾಣಿಯೊಂದು ಓಡಿತೆಂದರೆ ಇದರ ಕಾಲು ಯೋಚನೆಗಿಂತ ಮೊದಲೇ ಮುಂದಾಗುತ್ತದೆ. ಅದರಲ್ಲಿ ದ್ವೇಷವೇನೂ ಇಲ್ಲ. ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ದೊಡ್ಡ ತಳಿಯ ನಾಯಿಗಳ ಮೈ ಒಂದು ವರ್ಷದೊಳಗೆ ಬಹುಪಾಲು ಬೆಳೆದುಬಿಟ್ಟರೂ ಬುದ್ಧಿ ಮಾಗಲು ಒಂದೂವರೆ ಎರಡು ವರ್ಷಗಳೇ ಬೇಕು. ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗಿನ ಕಾಲ ಅವುಗಳ ಹರೆಯ. ಕಲಿತ ಪಾಠವನ್ನು ಮರೆಯುವುದು, ಇದ್ದಕ್ಕಿದ್ದಂತೆ ಬೆದರುವುದು, ತನ್ನ ಬಲದ ಅರಿವಿಲ್ಲದೆ ಮೇಲೆರಗುವುದು ಈ ವಯಸ್ಸಿನ ಲಕ್ಷಣಗಳು.

ಅವಸರದ ಫಲ

ಇದಾವುದನ್ನೂ ಯೋಚಿಸದೆ ನಾವು ಮಿಂಚುವನ್ನು ಒಂದು ಪಾಲನಾಗೃಹಕ್ಕೆ ಸೇರಿಸಿದೆವು. ಮಗನಿಗೆ ಕಚೇರಿಯ ಅವಸರ. ‘ಒಂದೆರಡು ದಿನ ನೀವೂ ಜೊತೆಗಿರಬೇಕೇ ಎಂದು ಕೇಳೋಣವೇ’ ಎಂದು ಸೊಸೆ ಅಂದಾಗ, ‘ಇಷ್ಟು ದೊಡ್ಡ ನಾಯಿಗೆ ಭಯವೇನು, ಬಿಟ್ಟು ಬನ್ನಿ’ ಎಂದವನು ನಾನೇ. ಗೇಟಿನಲ್ಲಿ ಹಗ್ಗ ಬಿಚ್ಚಿದೊಡನೆ ಒಳಗಿದ್ದ ಏಳು ನಾಯಿಗಳೂ ಒಮ್ಮೆಲೇ ಓಡಿಬಂದು ಸುತ್ತುವರಿದವು. ಮಿಂಚು ಬಾಲವನ್ನು ಹೊಟ್ಟೆಗಂಟಿಸಿಕೊಂಡು ಗೋಡೆಗೆ ಒತ್ತಿ ನಿಂತಿತು. ಆ ಮನೆಯವರು ‘ಸರಿಹೋಗುತ್ತದೆ’ ಎಂದರು, ಮಗ ಹೊರಟುಬಂದ.

ಮಧ್ಯಾಹ್ನದ ಹೊತ್ತಿಗೆ ದೂರವಾಣಿ ಕರೆ ಬಂದಿತು. ಹನ್ನೆರಡು ವರ್ಷದ ಪೊಮೆರೇನಿಯನ್ ಒಂದು ಅಂಗಳದಲ್ಲಿ ಓಡಿದೆ. ಮಿಂಚು ಬೆನ್ನಟ್ಟಿ ಮುಂಗಾಲಿನಿಂದ ಬೀಳಿಸಿದೆ. ಆ ಮುದಿಜೀವದ ಹಿಂಗಾಲಿಗೆ ಪೆಟ್ಟಾಗಿದೆ. ‘ನಿಮ್ಮದು ಅಪಾಯಕಾರಿ ನಾಯಿ, ಕರೆದುಕೊಂಡು ಹೋಗಿ’ ಎಂಬುದೇ ಅವರ ಮಾತು. ನೆರೆಯವರು ತೋಟದ ಮನೆಗೆ ಕಳುಹಿಸಿ ಕಟ್ಟಿಹಾಕಿಸಿರೆಂದು ಸಲಹೆಯಿತ್ತರು. ಮಗನೂ ಅದಕ್ಕೆ ಒಪ್ಪುವಂತಿದ್ದ. ಮೊಮ್ಮಗಳು ಆ ರಾತ್ರಿ ಊಟ ಮಾಡಲಿಲ್ಲ. ಮಿಂಚು ಕೂಡ ತಟ್ಟೆಯ ಬಳಿಗೆ ಬರಲಿಲ್ಲ. ನನಗೆ ನಿದ್ರೆ ಹತ್ತಲಿಲ್ಲ. ತಪ್ಪು ಯಾರದೆಂಬುದು ನನಗೆ ಗೊತ್ತಿತ್ತು.

ಮೂರು ವಾರಗಳ ಪಾಠ

ಪಶುವೈದ್ಯರ ಸೂಚನೆಯಂತೆ ನಾವು ಕಂಡ ಇನ್ನೊಬ್ಬ ಪಾಲಕಿ ನಡುವಯಸ್ಸಿನ ಗೃಹಿಣಿ. ಮೊದಲ ಸಲ ನಾಯಿಯನ್ನು ಬಿಟ್ಟು ನಾವಷ್ಟೇ ಬರಬೇಕೆಂದರು. ಅವರ ಮನೆಗೆ ಎರಡು ಗೇಟುಗಳು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯುವ ಕ್ರಮ. ಚಿಕ್ಕ ನಾಯಿಗಳಿಗೆ ಬೇರೆ ಅಂಗಳ. ಅಲ್ಲಿದ್ದುದು ಐದೇ ನಾಯಿಗಳು. ಪ್ರತಿಯೊಂದಕ್ಕೂ ಒಂಟಿಯಾಗಿ ಮಲಗುವ ಜಾಗವಿತ್ತು. ಲಸಿಕೆಯ ಪುಸ್ತಕವನ್ನು ನೋಡಿದರು; ಹಿಂದೆ ನಡೆದುದನ್ನು ಮುಚ್ಚಿಡದೆ ಹೇಳಿರೆಂದರು. ಹೇಳಿದೆವು. ‘ನಾಯಿ ಕೆಟ್ಟದ್ದಲ್ಲ, ಪರಿಚಯ ಕೆಟ್ಟದ್ದಾಯಿತು’ ಎಂದರು.

ಪರಿಚಯ ಅವರ ಮನೆಯಲ್ಲಿ ಆರಂಭವಾಗಲಿಲ್ಲ. ಮನೆಯ ನಾಯಿಗಳಿಗೆ ಅದು ತಮ್ಮ ಸೀಮೆ. ಹೊಸಬನು ಅಲ್ಲಿ ಅತಿಕ್ರಮಿಯಾಗಿ ಕಾಣುತ್ತಾನೆ. ಆದುದರಿಂದ ಮೊದಲ ದಿನ ಯಾರದೂ ಅಲ್ಲದ ಬಯಲೊಂದನ್ನು ಆರಿಸಿದರು. ತಮ್ಮಲ್ಲಿದ್ದ ಒಂಬತ್ತು ವರ್ಷದ ಶಾಂತ ಸ್ವಭಾವದ ಹೆಣ್ಣು ಲ್ಯಾಬ್ರಡಾರನ್ನು ಅವರು ಹಿಡಿದರು, ಮಿಂಚುವನ್ನು ನನ್ನ ಮಗ ಹಿಡಿದ. ಇಪ್ಪತ್ತು ಅಡಿಗಳ ಅಂತರದಲ್ಲಿ, ಒಂದೇ ದಿಕ್ಕಿನಲ್ಲಿ, ಅರ್ಧ ಗಂಟೆ ನಡಿಗೆ, ಅಷ್ಟೇ. ಎದುರುಬದುರಾಗಿ ಭೇಟಿ ಮಾಡಿಸುವುದು ನಾಯಿಗಳ ಲೋಕದಲ್ಲಿ ಸವಾಲು. ಪಕ್ಕಪಕ್ಕದ ನಡಿಗೆ ಗೆಳೆತನ. ಹಗ್ಗವನ್ನು ಬಿಗಿಹಿಡಿಯಬಾರದೆಂದು ಮತ್ತೆಮತ್ತೆ ಎಚ್ಚರಿಸಿದರು. ನಮ್ಮ ಕೈಯ ಆತಂಕ ಹಗ್ಗದ ಮೂಲಕ ನಾಯಿಗೆ ಇಳಿಯುತ್ತದೆಯಂತೆ.

ಮೂರನೆಯ ದಿನ ಅಂತರ ಕಡಿಮೆಯಾಯಿತು. ಮೂಸಲು ಮೂರು ಎಣಿಸುವಷ್ಟು ಹೊತ್ತು ಬಿಟ್ಟು, ಮೆಲ್ಲನೆ ಕರೆದು ಬೇರ್ಪಡಿಸಿದರು. ಬಳಿಕ, ಉಳಿದ ನಾಯಿಗಳನ್ನು ಒಳಗಿರಿಸಿ, ಖಾಲಿ ಅಂಗಳವನ್ನು ಮೂಸಿ ತಿಳಿಯಲು ಮಿಂಚುವೊಂದನ್ನೇ ಬಿಟ್ಟರು. ಅನಂತರ ಅಂಗಳದಲ್ಲಿ ಆ ಹಿರಿಯ ನಾಯಿಯ ಜೊತೆ. ಆಟಿಕೆ, ಊಟದ ಬಟ್ಟಲುಗಳನ್ನೆಲ್ಲ ಮೊದಲೇ ತೆಗೆದಿರಿಸಿದ್ದರು. ಹೊಸ ಪರಿಚಯದಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಅವುಗಳಿಂದಲೇ. ಮಿಂಚು ಉತ್ಸಾಹದಿಂದ ಮೇಲೆ ನೆಗೆಯಿತು. ಹಿರಿಯಳು ಒಮ್ಮೆ ಗುರುಗುಟ್ಟಿ ಮುಖ ತಿರುಗಿಸಿದಳು. ಮಿಂಚು ಕುಳಿತುಬಿಟ್ಟಿತು. ಪಾಲಕಿ ಯಾರನ್ನೂ ಗದರಿಸಲಿಲ್ಲ. ಗುರುಗುಟ್ಟುವುದು ನಾಯಿಯ ಮಾತು. ಆ ಮಾತನ್ನು ಅಡಗಿಸಿದರೆ ಮುಂದೊಮ್ಮೆ ಅದು ಎಚ್ಚರಿಕೆ ಕೊಡದೆಯೇ ಕಚ್ಚುತ್ತದೆ ಎಂದು ತಿಳಿಸಿದರು.

ಹೀಗೆ ಒಂದೊಂದೇ ನಾಯಿಯ ಪರಿಚಯ. ಮೊದಲು ಅರ್ಧ ಗಂಟೆ, ಆಮೇಲೆ ಎರಡು ಗಂಟೆ, ಕಡೆಗೆ ಅರ್ಧ ದಿನ. ಎರಡನೆಯ ವಾರದಲ್ಲಿ ಒಂದು ಗಂಡುನಾಯಿಯ ಎದುರು ಮಿಂಚು ಮೈ ಬಿಗಿದು ನಿಂತಿತು. ಕೂಡಲೇ ಅಂದಿನ ಪಾಠ ಮುಗಿಸಿ, ಮರುದಿನ ಮತ್ತೆ ಬಯಲಿನ ನಡಿಗೆಯಿಂದ ಆರಂಭಿಸಿದರು. ಚಿಕ್ಕ ನಾಯಿಗಳನ್ನು ಜಾಲರಿಯಾಚೆಯಿಂದಷ್ಟೇ ತೋರಿಸಿದರು. ಓಟದ ಆಟಕ್ಕೆ ಅವನ್ನು ಇದರೊಡನೆ ಎಂದೂ ಕೂಡಿಸುವುದಿಲ್ಲವೆಂದರು. ಮೂರು ವಾರಗಳು ಕಳೆದ ಮೇಲೆ ಮಿಂಚು ಒಂದು ಇಡೀ ಹಗಲನ್ನು ಅಲ್ಲಿ ಕಳೆಯಿತು.

ಅಂಗಳದ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದಾಗ ನನಗೆ ನನ್ನ ಬಾಲ್ಯ ನೆನಪಾಯಿತು. ಹತ್ತರ ವಯಸ್ಸಿನಲ್ಲಿ ನಾನು ಮಠದ ಪ್ರಸಾದ ನಿಲಯ ಸೇರಿದೆ. ವಯಸ್ಸಿಗೆ ಮೀರಿದ ಎತ್ತರ ನನ್ನದು. ದೊಡ್ಡ ಹುಡುಗನೆಂದೇ ಎಲ್ಲರೂ ತಿಳಿದರು. ರಾತ್ರಿ ಹೊದಿಕೆಯೊಳಗೆ ಅಳುತ್ತಿದ್ದೆ. ಹಿರಿಯ ಸ್ವಾಮಿಗಳು ನನ್ನನ್ನು ಕೂಡಲೇ ಹುಡುಗರ ಗುಂಪಿಗೆ ಸೇರಿಸಲಿಲ್ಲ. ಸೌಮ್ಯನಾದ ಒಬ್ಬ ಹಿರಿಯ ವಿದ್ಯಾರ್ಥಿಗೆ ಒಪ್ಪಿಸಿ, ಹೂದೋಟಕ್ಕೆ ಇಬ್ಬರೂ ನೀರು ಹೊರಲಿ ಎಂದರು. ಎಂಟು ದಿನ ಅವನ ಪಕ್ಕದಲ್ಲಿ ಕೊಡ ಹೊತ್ತು ನಡೆದೆ. ಒಂಬತ್ತನೆಯ ದಿನ ಅವನ ಪಕ್ಕದಲ್ಲಿಯೇ ಪ್ರಸಾದದ ಪಂಕ್ತಿಯಲ್ಲಿ ಕುಳಿತೆ. ಅದೊಂದು ಉಪಾಯವಾಗಿತ್ತೆಂದು ನನಗೆ ತಿಳಿಯಲು ಐವತ್ತು ವರ್ಷಗಳು ಬೇಕಾದವು.

ಮೈಯ ಭಾಷೆ

ನಾಯಿ ಸಾಕಿದವರು ಅದರ ಮೈಯ ಭಾಷೆಯನ್ನು ಓದಲು ಕಲಿಯಬೇಕು. ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನು ಎತ್ತಿದರೆ ಅದು ಆಟದ ಆಹ್ವಾನ. ಮೈ ಸಡಿಲವಾಗಿ ಬಳುಕುತ್ತಿದ್ದರೆ, ಬೆನ್ನಟ್ಟುವ ಸರದಿ ಅದಲುಬದಲಾಗುತ್ತಿದ್ದರೆ, ನಡುನಡುವೆ ತಾವಾಗಿಯೇ ನಿಲ್ಲುತ್ತಿದ್ದರೆ ಆಟ ಆರೋಗ್ಯಕರ. ಬಾಲವಾಡಿಸುವುದೆಲ್ಲ ಸಂತೋಷವಲ್ಲ, ಎತ್ತಿ ಬಿಗಿಹಿಡಿದ ಬಾಲದ ಅಲುಗಾಟ ಕೆರಳಿಕೆಯ ಸೂಚನೆಯಾಗಬಹುದು. ದಿಟ್ಟಿಸಿದ ನೋಟ, ಕಲ್ಲಿನಂತೆ ನಿಂತ ಮೈ ಅಪಾಯದ ಮುನ್ಸೂಚನೆ. ನಿದ್ರೆಯಿಲ್ಲದ ಆಕಳಿಕೆ, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು ಇವು ‘ನನಗೆ ಸಾಕಾಗಿದೆ’ ಎಂಬ ಬೇಡಿಕೆಗಳು. ಆಗ ಅದನ್ನು ಬಿಡಿಸಿ ಕರೆದೊಯ್ಯುವುದೇ ಧರ್ಮ.

ಗೃಹಸ್ಥರ ಹೊಣೆ

ಪಾಲನಾಗೃಹಕ್ಕೆ ಕಳುಹಿಸುವ ಮೊದಲು ರೇಬೀಸ್, ಡಿಸ್ಟೆಂಪರ್, ಪಾರ್ವೊ, ಇಲಿಜ್ವರದ ಲಸಿಕೆಗಳು ಪೂರ್ಣವಾಗಿರಬೇಕು. ನಾಯಿಗಳು ಒಂದೆಡೆ ಸೇರುವಲ್ಲಿ ಹರಡುವ ಕೆಮ್ಮಿನ ಲಸಿಕೆಯ ಬಗೆಗೂ ವೈದ್ಯರನ್ನು ಕೇಳಬೇಕು. ಜಂತುಹುಳುವಿನ ಔಷಧವನ್ನೂ ಉಣ್ಣೆಹುಳುವಿನ ಔಷಧವನ್ನೂ ಮರೆಯಬಾರದು; ಉಣ್ಣೆ ಕಚ್ಚಿ ಬರುವ ಜ್ವರ ನಮ್ಮ ನಾಡಿನಲ್ಲಿ ನಾಯಿಗಳ ಪ್ರಾಣವನ್ನೇ ತೆಗೆಯುತ್ತದೆ.

ಆಹಾರದ ವಿಷಯವನ್ನೂ ಮೊದಲೇ ತಿಳಿಸಬೇಕು. ನಮ್ಮಂತಹ ಸಸ್ಯಾಹಾರಿಗಳ ಮನೆಯಲ್ಲಿ ಬೆಳೆದ ನಾಯಿಗೆ ಹೊರಗೆ ಒಮ್ಮೆಲೇ ಬೇರೆ ಆಹಾರವಿಟ್ಟರೆ ಹೊಟ್ಟೆ ಕೆಡುತ್ತದೆ. ಮನೆಯಿಂದಲೇ ಬುತ್ತಿ ಕಳುಹಿಸುವುದು ಲೇಸು. ಹಬ್ಬದ ದಿನ ಪಾಯಸದಲ್ಲಿರುವ ಒಣದ್ರಾಕ್ಷಿ, ಹಾಗೆಯೇ ದ್ರಾಕ್ಷಿ, ಈರುಳ್ಳಿ, ಚಾಕಲೇಟು ನಾಯಿಗೆ ವಿಷ, ಅಕ್ಕರೆಯಿಂದಲೂ ಕೊಡಬಾರದು. ಎದೆ ಆಳವಾಗಿರುವ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಮಾರಕ ತೊಂದರೆಯಿದೆ. ಆದ್ದರಿಂದ ಊಟವಾದ ಕೂಡಲೇ ಓಡಾಡಲು ಬಿಡದೆ ಒಂದೆರಡು ಗಂಟೆ ವಿಶ್ರಾಂತಿ ಕೊಡಬೇಕು.

ಬಿಡುವಾಗ ತಬ್ಬಿ ಅತ್ತು ಬೀಳ್ಕೊಡಬಾರದು. ನಮ್ಮ ಕಳವಳ ಅದಕ್ಕೆ ಭಯವಾಗುತ್ತದೆ. ಮನೆಯ ವಾಸನೆಯಿರುವ ಹಳೆಯ ಬಟ್ಟೆಯೊಂದನ್ನು ಕೊಟ್ಟು ಸಹಜವಾಗಿ ಹೊರಡಬೇಕು. ಸಂಜೆ ದಣಿದು ಮಲಗಿದರೆ ಚಿಂತೆಯಿಲ್ಲ. ಅಡಗಿ ಕುಳಿತರೆ, ಊಟ ಬಿಟ್ಟರೆ, ಮರುದಿನ ಆ ಗೇಟಿನಲ್ಲಿ ಹಿಂದೆಳೆದರೆ ವಿಚಾರಿಸಬೇಕು. ಕೆಲವು ನಾಯಿಗಳಿಗೆ ಗುಂಪು ಒಗ್ಗುವುದೇ ಇಲ್ಲ. ಅಂತಹವುಗಳಿಗೆ ಮನೆಗೇ ಬಂದು ನೋಡಿಕೊಳ್ಳುವವರನ್ನು ಹುಡುಕುವುದು ಉಚಿತ. ಒಗ್ಗದಿರುವುದು ಅವುಗಳ ದೋಷವಲ್ಲ.

ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬುದು ಶರಣರ ಉಪದೇಶದ ತಿರುಳು. ಅದನ್ನು ನಾನು ಜೀವಮಾನವಿಡೀ ಬೋಧಿಸಿದ್ದೇನೆ. ಆದರೆ ದಯೆಗೆ ತಿಳಿವಳಿಕೆಯೂ ತಾಳ್ಮೆಯೂ ಜೊತೆಗೂಡದಿದ್ದರೆ ಅದು ಬಾಯಿಮಾತಾಗುತ್ತದೆಂಬುದನ್ನು ಕಲಿತದ್ದು ಈ ಮುಪ್ಪಿನಲ್ಲಿ. ಪೆಟ್ಟುತಿಂದ ಆ ಮುದಿನಾಯಿಯ ಚಿಕಿತ್ಸೆಯ ವೆಚ್ಚವನ್ನು ಮಗ ಭರಿಸಿದ. ಅದರ ಒಡತಿಯ ಮನೆಗೆ ನಾನೇ ಹೋಗಿ ಕ್ಷಮೆ ಕೇಳಿದೆ. ನಾಯಿ ಚೇತರಿಸಿಕೊಂಡಿತ್ತು, ಕಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ‘ನಿಮ್ಮ ನಾಯಿಯದೇನು ತಪ್ಪು?’ ಎಂದು ಆಕೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮಿಂಚು ಈಗ ವಾರಕ್ಕೆ ಮೂರು ದಿನ ಆ ಗೃಹಿಣಿಯ ಮನೆಗೆ ಹೋಗುತ್ತದೆ. ಒಳಗೇಟು ತೆರೆದರೂ ಕೂಡಲೇ ನುಗ್ಗುವುದಿಲ್ಲ. ಹಿರಿಯ ಲ್ಯಾಬ್ರಡಾರ್ ನಿಧಾನವಾಗಿ ಎದ್ದು ಬರುವವರೆಗೆ ಹೊಸ್ತಿಲಲ್ಲಿಯೇ ಕಾಯುತ್ತದೆ. ಅವಳು ಬಂದ ಮೇಲೆ ಎರಡೂ ಪಕ್ಕಪಕ್ಕದಲ್ಲಿ ಒಳಗೆ ನಡೆಯುತ್ತವೆ. ದೊಡ್ಡ ಮೈಯ ಎಳೆಯ ಜೀವವನ್ನು ಮನೆಗೆ ತಂದ ಬಂಧುಗಳು ಅದರ ಎತ್ತರವನ್ನು ನೋಡಿ ಮೋಸಹೋಗದಿರಲಿ. ಮೂರು ವಾರಗಳ ತಾಳ್ಮೆಯನ್ನು ಅದಕ್ಕೆ ಮೀಸಲಿಡಲಿ ಎಂಬುದೇ ನನ್ನ ಅರಿಕೆ.