ಪಂಪ್‌ಸೆಟ್ಟಿಗೆ ಎರಡು ಅರ್ಥಿಂಗ್ ಯಾಕ ಬೇಕು?

10 ಹೆಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ನಾವು ಕರೆಂಟ್ ಬಿಲ್ ಕಟ್ಟೋದಿಲ್ಲ. ಹಂಗಾಗಿ ಮೋರಖಂಡಿ ಕಡೆ ಬಹಳ ಮಂದಿ ರೈತರು ಕರೆಂಟಿನ ಹೊಣೆ ಎಲ್ಲಾ ಜೆಸ್ಕಾಂನದೇ ಅಂತ ತಿಳಿದಾರ. ಕಾನೂನು ಹಂಗಿಲ್ಲ. ಕಂಬ, ಲೈನು, ಟಿ.ಸಿ. ಅವರ ಹೊಣೆ. ನಮ್ಮ ಸ್ಟಾರ್ಟರು, ಕೇಬಲ್ಲು, ಮೋಟಾರು ಸುರಕ್ಷಿತ ಇಡೋದು ನಮ್ಮ ಹೊಣೆ.

ಮೂರು ಫೇಸಿನ ಮೋಟಾರಿಗೂ ಸ್ಟಾರ್ಟರ್ ಡಬ್ಬಿಗೂ ಮಾಲೀಕನೇ ಎರಡು ಬೇರೆ ಬೇರೆ ಅರ್ಥಿಂಗ್ ಕೊಡಬೇಕು. 1956ರ ವಿದ್ಯುತ್ ನಿಯಮದಲ್ಲಿ ಇದ್ದ ಈ ಮಾತು 2010ರ, 2023ರ ಸುರಕ್ಷತಾ ನಿಯಮಗಳಲ್ಲೂ ಉಳಿದಿದೆ. ಎರಡು ಯಾಕಂದ್ರ, ಒಂದು ತಂತಿ ತುಕ್ಕು ಹಿಡಿದು ಕಡಿದರೂ ಇನ್ನೊಂದು ಕೆಲಸ ಮಾಡಬೇಕು. ಒಳಗಿನ ವೈರಿನ ಮೇಲ್ಪದರ ಸುಟ್ಟರೆ ಕರೆಂಟು ಕಬ್ಬಿಣದ ಡಬ್ಬಿಗೆ ಬರುತ್ತದೆ. ಅರ್ಥಿಂಗ್ ಚಲೋ ಇದ್ದರೆ ಅದು ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೊಳಗಿಂದ ಇಳಿಯುತ್ತದೆ.

ನಮ್ಮ ಕೆಂಪು ಮುರುಮಿನ ನೆಲ ಬೇಸಿಗೆಯಲ್ಲಿ ಒಣಗುತ್ತದೆ. ಒಣ ನೆಲಕ್ಕೆ ಕರೆಂಟು ಸರಿಯಾಗಿ ಇಳಿಯೋದಿಲ್ಲ. ಅರ್ಥಿಂಗ್ ಗುಂಡಿಗೆ ಇದ್ದಲು, ಉಪ್ಪು ಹಾಕಿಸಿ, ಆಗಾಗ ನೀರು ಬಿಡಬೇಕು. ಇ.ಎಲ್.ಸಿ.ಬಿ. ಕೂಡಿಸಿದರೆ ಇನ್ನೂ ಚಲೋ, ಕರೆಂಟು ಸೋರಿದ ಕೂಡಲೇ ಅದು ಕಡಿಯುತ್ತದೆ. ಫ್ಯೂಜ್ ಹೋಯಿತೆಂದು ದಪ್ಪ ತಂತಿ ಸುತ್ತಬಾರದು. ಈ ಕೆಲಸ ಲೈಸೆನ್ಸ್ ಇದ್ದ ವೈರ್‌ಮನ್ ಕೈಯಿಂದಲೇ ಆಗಲಿ.

ಸ್ಟಾರ್ಟರ್ ಮುಟ್ಟುವವರು ನಾವೊಬ್ಬರೇ ಅಲ್ಲ. ತೊಗರಿ ರಾಶಿಗೆ ಬಂದ ಕೂಲಿ ಹೆಣ್ಣುಮಗಳೂ ಕುಡಿಯುವ ನೀರಿಗೆ ಬೋರಿನ ಕಡೆಗೇ ಬರತಾಳ. ನಮ್ಮ ಹೊಲ ಆಕೆಗೆ ಕೆಲಸದ ಜಾಗ. ಮಳೆಗಾಲ ಹಿಡಿಯೋಕ್ಕಿಂತ ಮೊದಲು ಎರಡೂ ತಂತಿ ನೋಡಿಸಿರಿ.